ಬೀರವ್ವನಿಗೆ ಒಂದು ನಿಮಿಷ

ಐತವಾರ ಮಧ್ಯಾಹ್ನದ ಊಟಕ್ಕೆ ಮಾತ್ರ ಆ ಮನೆಯ ಆರೂ ಜನ ಒಟ್ಟಿಗೆ ಸೇರುತ್ತಿದ್ದರು. ಜುಳೆ ಸೋಲಾಪುರ ಬಡಾವಣೆಯ, ಮೂರನೆಯ ಮಹಡಿಯ ಆ ಮನೆಯಲ್ಲಿ ಊಟದ ಮೇಜಿತ್ತು, ಸುತ್ತ ಆರು ಕುರ್ಚಿಗಳೂ ಇದ್ದವು. ಆದರೆ ಮನೆಯ ಹಿರಿಯ ಧರೆಪ್ಪ ತಡವಳ ಹಳ್ಳಿಯಲ್ಲಿ ಕುರಿ ಕಾಯ್ದ ಕಾಲದಿಂದಲೂ ನೆಲಕ್ಕೆ ಕೂತು ಉಂಡವನು. ಕುರ್ಚಿಯ ಮೇಲೆ ಕೂತರೆ ತುತ್ತು ಎದೆಯಲ್ಲೇ ನಿಲ್ಲುತ್ತದೆ ಎನ್ನುತ್ತಿದ್ದ. ಅವನು ನೆಲಕ್ಕೆ ಕೂತ ಮೇಲೆ ಹೆಂಡತಿ ತುಳಜಾಬಾಯಿ ಮೇಲೆ ಕೂಡುವಳೇ? ಹಾಗಾಗಿ ಐತವಾರ ಎಲ್ಲರ ತಾಟೂ ನೆಲದ ಮೇಲೆ. ಸೊಸೆ ಛಾಯಾ ಒಬ್ಬಳೇ ಒಲೆಗೂ ತಾಟುಗಳಿಗೂ ನಡುವೆ ತಿರುಗುತ್ತಿದ್ದಳು.

"ಹುಡಿಗ್ಯಾರ ಖೋ-ಖೋ ರಾಜ್ಯ ಸ್ಪರ್ಧಾ ಈ ಸಲ ಅಕ್ಕಲಕೋಟಿಗೆ ಸಿಕ್ಕದ," ಎಂದ ಅವಳ ಗಂಡ ಮೈಲಾರಲಿಂಗ. ಎಡಗೈಯಲ್ಲಿ ಫೋನು, ಬಲಗೈಯಲ್ಲಿ ರೊಟ್ಟಿ. "ಬರೂ ತಿಂಗಳ. ಪುಣೇದಿಂದ ಈಗ ಫೋನ್ ಬಂತು."

"ಅಂದ್ರ ಪಪ್ಪಾ, ನೀವು ಪುಣೇ ಮಹಾಮಂಡಳದ ಉಪಾಧ್ಯಕ್ಷ ಪಕ್ಕಾ!" ಎಂದ ಮಗ ಅಮೋಲ್. ಅವನು ಅಪ್ಪ ಕೆಲಸ ಮಾಡುವ ಟವೆಲ್ ಕಾರ್ಖಾನೆಯಲ್ಲೇ ಹೊಸದಾಗಿ ಸೇರಿದ್ದ.

"ಸ್ಪರ್ಧಾ ನೆಟ್ಟಗ ಆದ್ರ."

"ಅದಕ್ಕೆ ಪಗಾರ ಕೊಡ್ತಾರೇನು?" ಎಂದು ಕೇಳಿದ ಧರೆಪ್ಪ, ಮಟನ್ನಿನ ಎಲುಬು ಬಾಯಿಂದ ತೆಗೆದು.

"ಇಲ್ಲಪ್ಪಾ. ಮಾನದ ಕೆಲಸ."

"ಮಾನದ ಕೆಲಸ ಅಂದ್ರ ಪಗಾರಿಲ್ಲದ ಚಾಕರಿ," ಎಂದಳು ತುಳಜಾಬಾಯಿ. "ನಾವು ಹೆಣಮಕ್ಕಳು ಹುಟ್ಟಿದಾಗಿಂದ ಮಾಡ್ಕೋತ ಬಂದೀವಿ. ನಮಗ ಯಾವ ಪುಣೇದಿಂದೂ ಫೋನ್ ಬರಲಿಲ್ಲ."

ಮೊಮ್ಮಗಳು ಶುಭಾಂಗಿ ಕಿಸಕ್ಕನೆ ನಕ್ಕಳು. ಮೈಲಾರಲಿಂಗನೂ ನಕ್ಕ. ಅವನಿಗೆ ನಗಲು ಕಾರಣವಿತ್ತು. ಅಕ್ಕಲಕೋಟ ರಸ್ತೆಯ ಕಾರ್ಖಾನೆಗೆ ಮಗ್ಗಗಳ ಮೇಲ್ವಿಚಾರಕನಾಗಿ ಸೇರಿದ ಕುರುಬರ ಹುಡುಗ ಈಗ ಅದೇ ಕಂಪನಿಯ ವೈಸ್ ಪ್ರೆಸಿಡೆಂಟ್. ಜರ್ಮನಿಯ ಖರೀದಿದಾರರು ಬಂದರೆ ಮಾತುಕತೆಗೆ ಇವನೇ ಬೇಕು. ಇತ್ತ ಅಕ್ಕಲಕೋಟಿಯ ಸೀಮಾ ಖೋ-ಖೋ ಮಂಡಳದಲ್ಲಿ ಮೊದಲು ಖಜಾಂಚಿ, ಆಮೇಲೆ ಕಾರ್ಯದರ್ಶಿ, ಈಗ ಅಧ್ಯಕ್ಷ. ಕೂತ ಕುರ್ಚಿಯ ಹೆಸರು ಕೆಡಿಸಿದವನಲ್ಲ. ಕಂಪನಿಯ ದೇಣಿಗೆಯಿಂದ ಮ್ಯಾಟು ತರಿಸಿದ, ಹಳ್ಳಿಯಿಂದ ಬರುವ ಹುಡುಗಿಯರಿಗೆ ಬೂಟು ಕೊಡಿಸಿದ, ಎಸ್‌ಟಿ ಬಸ್ಸಿನ ಪಾಸು ಮಾಡಿಸಿದ. ಪುಣೆಯ ರಾಜ್ಯ ಮಹಾಮಂಡಳದಲ್ಲಿ ಅವನ ಮಾತಿಗೆ ತೂಕ ಬಂದದ್ದು ಪುಗಸಟ್ಟೆ ಅಲ್ಲ.

ಛಾಯಾ ರಸ್ಸಾದ ಪಾತ್ರೆ ಹಿಡಿದು ಅವನ ತಾಟಿನ ಮುಂದೆ ನಿಂತಳು. "ನಮ್ಮ ಹುಡಿಗ್ಯಾರಿಗೆ ಆಟ ಕಲಿಸಾವ್ರು ಯಾರ್ರಿ ಈಗ? ಕೈಲಾಸ ಸರ್ ಗಾಡಿ ಮ್ಯಾಲಿಂದ ಬಿದ್ದು ಕಾಲ ಮುರಕೊಂಡಾರಲ್ಲ?"

"ರಾಡ್ ಹಾಕ್ಯಾರ. ಮೂರ ತಿಂಗಳ ಏಳೂದಿಲ್ಲ. ಸಾತಲಿಂಗಪ್ಪ ನೋಡ್ಕೋತಾನ."

ಸಾತಲಿಂಗಪ್ಪ ಮಂಡಳದ ಕಾರ್ಯದರ್ಶಿ. ಊರಲ್ಲಿ ಅವನದು ಸಿಮೆಂಟಿನ ಅಂಗಡಿ.

"ಅವ್ರಿಗೇನ ಬರ್ತದ?" ಎಂದಳು ಛಾಯಾ. ಪಾತ್ರೆ ಕೆಳಗಿಟ್ಟಳು. "ನಾ ಕಲಿಸ್ತೀನಿ."

ಶುಭಾಂಗಿಗೆ ನಗು ತಡೆಯಲಾಗಲಿಲ್ಲ. "ಮಮ್ಮಿ, ನೀನಾ? ಲಿಫ್ಟ್ ಬಂದ್ ಆದ್ರ ಮೂರ ಮಜಲಿ ಏರೂದರಾಗ ನಿನಗ ದಮ್ಮ ಹತ್ತತದ!"

"ಏ ಹುಚ್ಚಿ," ಎಂದ ಧರೆಪ್ಪ, "ನಿಮ್ಮವ್ವ ಓಡೂದ ನೋಡೇ ನಿಮ್ಮಪ್ಪ ಬಿದ್ದಾನ."

"ಉಣ್ರಿ ಸುಮ್ಮಕ," ಎಂದಳು ತುಳಜಾಬಾಯಿ.

ಮಕ್ಕಳಿಗೆ ಅವ್ವ ಶಾಲೆಯಲ್ಲಿ ಏನೋ ಆಡಿದ್ದಳು ಎನ್ನುವಷ್ಟೇ ಗೊತ್ತು. ಹೆಚ್ಚು ಹೇಳುವವರು ಯಾರಿದ್ದರು? ನಾಗಣಸೂರಿನಿಂದ ದಿನಾ ಎಸ್‌ಟಿಯಲ್ಲಿ ಅಕ್ಕಲಕೋಟಿಗೆ ಬಂದು ಓದುತ್ತಿದ್ದ ಬೀರವ್ವ ಎನ್ನುವ ಹುಡುಗಿಯೊಬ್ಬಳಿದ್ದಳು. ಅವಳು ಓಡಲು ಇಳಿದರೆ ಮುಟ್ಟುವವರು ಸುಸ್ತಾಗಿ ಸೊಂಟಕ್ಕೆ ಕೈಕೊಟ್ಟು ನಿಲ್ಲುತ್ತಿದ್ದರು. ರಾಜ್ಯಕ್ಕೆ ಮೊದಲ ಸ್ಥಾನ ಬಂದ ಜಿಲ್ಲಾ ತಂಡದಲ್ಲಿ ಕಡೆಯ ತನಕ ಔಟಾಗದೆ ಉಳಿದವಳು ಅವಳೇ. ಕಾರ್ಖಾನೆಯ ರಜೆಯ ದಿನ ಸೈಕಲ್ಲು ತುಳಿದು ಆ ಆಟ ನೋಡಲು ಬರುತ್ತಿದ್ದ ತರುಣ ಮೈಲಾರಲಿಂಗ. ಹೆಣ್ಣು ಕೇಳಲು ಹೋದಾಗ ಅವಳಪ್ಪ ಒಂದೇ ಮಾತು ಕೇಳಿದ್ದ: "ಆಡಾಕ ಬಿಡ್ತೀಯೇನಪ್ಪಾ?" "ಬಿಡ್ತೀನ್ರಿ" ಎಂದಿದ್ದ ಇವನು.

ಲಗ್ನದ ದಿನ ಆ ಸೀಮೆಯ ರೂಢಿಯಂತೆ ತಾಟಿನಲ್ಲಿ ಅಕ್ಕಿ ಹರವಿ, ಉಂಗುರದ ತುದಿಯಿಂದ ಮದುಮಗ ಹೊಸ ಹೆಸರು ಬರೆದ. ಛಾಯಾ. ಬೀರವ್ವ ಎನ್ನುವುದು ಧರೆಪ್ಪನ ತಾಯಿಯ ಹೆಸರಾಗಿತ್ತು. ಅತ್ತೆಯ ಹೆಸರು ಹಿಡಿದು ಸೊಸೆಯನ್ನು ಬಯ್ಯಲು ಬರುವುದಿಲ್ಲ, ಬಯ್ಯದೆ ಸಂಸಾರ ಸಾಗುವುದಿಲ್ಲ ಎಂದು ತುಳಜಾಬಾಯಿ ಮದುವೆಗೆ ಮೊದಲೇ ಹೇಳಿ ಕಳಿಸಿದ್ದಳು. ಹುಡುಗಿಯೂ ನಕ್ಕು ಒಪ್ಪಿದ್ದಳು. ಛಾಯಾ ಎನ್ನುವುದು ಪ್ಯಾಟಿಯ ಹೆಸರು, ಚಂದವೇ ಇತ್ತು.

ಮುಂದಿನ ಹಂಗಾಮಿಗೆ ಆಡಬೇಕಾದರೆ ಮಂಡಳದಲ್ಲಿ ಲಗ್ನದ ನಂತರದ ಹೆಸರು ಬರೆಸಬೇಕಿತ್ತು. ಅದಕ್ಕೆಂದೇ ಮೈಲಾರಲಿಂಗ ಮೊದಲ ಸಲ ಮಂಡಳದ ಕಚೇರಿಯ ಮೆಟ್ಟಿಲು ಹತ್ತಿದ. ಅಲ್ಲಿ ಲೆಕ್ಕ ಬರೆಯಲು ಬರುವವರು ಒಬ್ಬರೂ ಇರಲಿಲ್ಲ. ಚಹಾ ಕೊಟ್ಟರು, ಕುರ್ಚಿ ಕೊಟ್ಟರು. ಸಂಜೆ ಪೇಢೆ ಹಿಡಿದು ಮನೆಗೆ ಬಂದು, "ನನ್ನ ಖಜಾಂಚಿ ಮಾಡ್ಯಾರ," ಎಂದ.

"ನನ್ನ ಹೆಸರ ಬರಸಿದ್ರೇನು?"

"ಅಯ್, ಮರತೆ ನೋಡು. ಮುಂದಿನ ವಾರ ಬರಸ್ತೀನಿ."

ಮುಂದಿನ ವಾರಕ್ಕೆ ಅಮೋಲ್ ಹೊಟ್ಟೆಯಲ್ಲಿರುವುದು ಗೊತ್ತಾಯಿತು. ಅವನು ನಡೆಯಲು ಕಲಿತ ಮೇಲೆ ಹೋಗುವೆನೆಂದರೆ ತುಳಜಾಬಾಯಿ, "ಸೊಸಿ ಮಂದಿ ಮುಂದ ಚಡ್ಡಿ ಹಾಕ್ಕೊಂಡು ಓಡೂದ ನನಗ ನೋಡಾಕ ಆಗೂದಿಲ್ಲ" ಎಂದಳು. ಆಮೇಲೆ ಶುಭಾಂಗಿ. ಆ ಮುಂದಿನ ವಾರ ಇನ್ನೂ ಬಂದಿರಲಿಲ್ಲ.

*

"ಅದು ಆಗೂದಿಲ್ಲ ಛಾಯಾ," ಎಂದ ಮೈಲಾರಲಿಂಗ ಸೋಮವಾರ ಬೆಳಿಗ್ಗೆ, ಬೂಟಿನ ಲೇಸು ಕಟ್ಟುತ್ತ. "ಹೆಂಡ್ತೀನ ಕೋಚ್ ಮಾಡ್ದ ಅಂತ ಸಾತಲಿಂಗಪ್ಪ ಅವತ್ತೇ ಪುಣೇಕ ಫೋನ್ ಹಚ್ಚತಾನ. ನನ್ನ ಕುರ್ಚಿ ಮ್ಯಾಲ ಕಣ್ಣ ಅದ ಅವಂದು."

"ಮಾನಧನ, ಪಗಾರ ಏನೂ ಬ್ಯಾಡ್ರಿ ನನಗ."

"ಮಾನಧನದ ಮಾತಲ್ಲ."

"ಕಾನ್‌ಫ್ಲಿಕ್ಟ್ ಆಫ್ ಇಂಟರೆಸ್ಟ್ ಅಂತಾರ ಮಮ್ಮಿ," ಎಂದ ಅಮೋಲ್, ಅವಲಕ್ಕಿ ಪೋಹೆಯ ಬಟ್ಟಲು ಹಿಡಿದು. "ಪಪ್ಪಾಂದು ಇಮೇಜ್ ಅದ."

"ನೀ ಪೋಹೆ ತಿನ್ನು. ಖೋಬ್ರಿ ಇನ್ನ ಬೇಕೇನು ಹೇಳು," ಎಂದಳು ಛಾಯಾ.

ಮೈಲಾರಲಿಂಗ ದನಿ ಮೆತ್ತಗೆ ಮಾಡಿದ. "ನೀ ಊಟದ ವ್ಯವಸ್ಥಾ ನೋಡ್ಕೊ. ರಾಜ್ಯದ ತುಂಬ ಹುಡಿಗ್ಯಾರ ಬರ್ತಾವ, ಸೀಟಿ ಊದೂ ಪಂಚರು, ಊರೂರ ಪಾವಣ್ಯಾರು. ಅದು ನಿನ್ನ ಬಿಟ್ರ ಯಾರ ಕೈಲೂ ಆಗೂದಿಲ್ಲ."

"ಹಂಗಾರ ಅಡಗಿ ಮನ್ಯಾಗ ಅಧ್ಯಕ್ಷರ ಹೆಂಡ್ತಿ ಇರಬಹುದು. ಮೈದಾನದಾಗ ಇರಬಾರದು. ಹಂಗ ಅಲ್ರಿ?"

ಅವನಿಗೆ ಫೋನು ಬಂತು. ಮಾತಾಡುತ್ತಲೇ ಲಿಫ್ಟಿನೊಳಗೆ ಹೋದ.

ಆ ವಾರವಿಡೀ ಮನೆಯಲ್ಲಿ ಕಡಕ್ ರೊಟ್ಟಿಯ ಕೆಲಸ. ಪುಣೆ, ನಾಸಿಕ, ಸಾಂಗಲಿಯಿಂದ ಬರುವ ಪದಾಧಿಕಾರಿಗಳಿಗೆ ಸೋಲಾಪುರದ ಕಾಣಿಕೆಯೆಂದರೆ ಒಂದು ಟವೆಲ್ಲು, ಒಂದು ಪೊಟ್ಟಣ ಕಡಕ್ ರೊಟ್ಟಿ, ಒಂದು ಡಬ್ಬಿ ಶೇಂಗಾ ಚಟ್ನಿ. ಟವೆಲ್ಲು ಕಾರ್ಖಾನೆಯದು, ಉಳಿದದ್ದು ಛಾಯಾಳದು. ಅತ್ತೆ ಸೊಸೆ ಎದುರುಬದುರು ಕೂತು, ಒಬ್ಬಳು ಬಡಿಯುವುದು, ಒಬ್ಬಳು ಬೇಯಿಸಿ ಒಣಗಲು ಹಾಕುವುದು. ಛಾಯಾ ರೊಟ್ಟಿ ಬಡಿಯುವ ಸಪ್ಪಳ ಎಂದಿಗಿಂತ ಜೋರಾಗಿತ್ತು.

"ಆ ಹಿಟ್ಟ ಏನ ಮಾಡ್ಯದ ನಿನಗ?" ಎಂದಳು ತುಳಜಾಬಾಯಿ.

"ಏನಿಲ್ರಿ ಅತ್ತಿ."

"ನನ್ನ ಬೆನ್ನ ಅಂತ ತಿಳದು ಬಡ್ಯಾಕತ್ತೀಯೇನು?" ಮುದುಕಿ ಕೈ ಕೊಡವಿಕೊಂಡಳು. "ನಾ ಬ್ಯಾಡ ಅಂದದ್ದ ಖರೆ. ಈ ಮನ್ಯಾಗ ನಾ ಬ್ಯಾಡ ಅಂದದ್ದು ನೂರ ಅವ. ಗ್ಯಾಸ್ ಬ್ಯಾಡ ಅಂದೆ, ತಂದ್ರಿ. ಫ್ರಿಜ್ಜಿನಾಗಿನ ಹಿಟ್ಟ ತಿನ್ನೂದಿಲ್ಲ ಅಂದೆ, ತಿನಸಿದ್ರಿ. ಮೂರನೇ ಮಜಲಿ ಬ್ಯಾಡ ಅಂದೆ, ಕರಕೊಂಡು ಬಂದ್ರಿ. ನಿನ್ನ ಆಟ ಒಂದ ನನ್ನ ಮಾತಿಗೆ ನಿಂತಿತೇನು?"

ಛಾಯಾಳ ಕೈ ನಿಂತಿತು. ಹಂಚಿನ ಮೇಲಿನ ರೊಟ್ಟಿ ಸೀದ ವಾಸನೆ ಬಂತು.

"ಅಯ್, ಸುಟ್ಟಿತು ನೋಡು," ಎಂದಳು ತುಳಜಾಬಾಯಿ. "ಅದನ್ನ ನಿಮ್ಮ ಮಾಮಾಗ ಇಡು. ಕರ್ರಗಾದ್ರ ಅವ್ರಿಗೆ ಹಲ್ಲ ಘಟ್ಟಿ ಆಗ್ತಾವಂತ."

ಸ್ಪರ್ಧೆಗೆ ಹತ್ತು ದಿನ ಇರುವಾಗ ಅಡುಗೆಯ ಜಾಗ ನೋಡಲು ಛಾಯಾ ಗಂಡನ ಜೊತೆ ಅಕ್ಕಲಕೋಟಿಗೆ ಹೋದಳು. ಮೈದಾನದ ಒಂದು ಬದಿ ಮಂಟಪದ ಗಳ ನೆಡುತ್ತಿದ್ದರು. ಇನ್ನೊಂದು ಬದಿಯ ಮಣ್ಣಿನಲ್ಲಿ ಮಂಡಳದ ಹುಡುಗಿಯರು ಅಭ್ಯಾಸ ಮಾಡುತ್ತಿದ್ದರು. ಸಾತಲಿಂಗಪ್ಪ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು, ಕೊರಳಲ್ಲಿ ಸೀಟಿ ಹಾಕಿಕೊಂಡು, ಫೋನಿನಲ್ಲಿ ಸಿಮೆಂಟಿನ ಚೀಲದ ದರ ಹೇಳುತ್ತಿದ್ದ. ಓಡುವ ಹುಡುಗಿಯರು ಒಬ್ಬರ ಹಿಂದೊಬ್ಬರು ಸುಮ್ಮನೆ ಔಟಾಗುತ್ತಿದ್ದರು. ಅವರಲ್ಲಿ ತೆಳ್ಳಗಿನ, ಉದ್ದ ಕಾಲಿನ ಹುಡುಗಿಯೊಬ್ಬಳಿಗೆ ವೇಗವಿತ್ತು, ಆದರೆ ಬೆನ್ನಟ್ಟುವವಳ ಕೈ ನೋಡಿ ಮೋಸಹೋಗುತ್ತಿದ್ದಳು.

ಛಾಯಾ ಬಹಳ ಹೊತ್ತು ತಡೆದುಕೊಂಡಳು. ಕಡೆಗೆ ಗೆರೆಯ ತನಕ ಹೋಗಿ, "ಏ ಬಾಳಾ, ಹೆಸರೇನ ನಿಂದು?" ಎಂದಳು.

"ಸ್ನೇಹಲ, ಕಾಕೂ."

"ಕೈ ನೋಡಬ್ಯಾಡ ಸ್ನೇಹಲ. ಟೊಂಕ ನೋಡು. ಕೈ ಸುಳ್ಳ ಹೇಳತದ, ಟೊಂಕ ಸುಳ್ಳ ಹೇಳೂದಿಲ್ಲ."

ಹುಡುಗಿ ಮತ್ತೆ ಇಳಿದಳು. ಈ ಸಲ ಎಡಕ್ಕೆ ಹೋಗುವಂತೆ ಕೈಚಾಚಿದವಳನ್ನು ನಂಬದೆ ಬಲಕ್ಕೆ ಸರಿದಳು. ಇನ್ನೊಮ್ಮೆ ಸರಿದಳು. ಕೂತ ಹುಡುಗಿಯರು ಓಹೋ ಎಂದರು. ಛಾಯಾಳ ಕಾಲ್ಬೆರಳುಗಳು ಚಪ್ಪಲಿಯೊಳಗಿಂದಲೇ ಮಣ್ಣು ಒತ್ತುತ್ತಿದ್ದವು.

ಸಾತಲಿಂಗಪ್ಪ ಫೋನು ಜೇಬಿಗಿಟ್ಟು ಎದ್ದು ಬಂದ. ನಗುತ್ತಲೇ ಕೇಳಿದ: "ವೈನಿ, ಭಜಿ ಕರ್ಯಾಕ ಎಣ್ಣಿ ಎಷ್ಟ ಡಬ್ಬಿ ತರಸಲ್ರಿ? ಅದೊಂದ ಹೇಳಿಬಿಡ್ರಿ."

ಮೈಲಾರಲಿಂಗ ಪಕ್ಕದಲ್ಲೇ ಇದ್ದ. ಮಂಟಪದವನಿಗೆ ಏನೋ ಹೇಳುವ ನೆಪದಲ್ಲಿ ಮುಖ ತಿರುಗಿಸಿದ.

*

ಉದ್ಘಾಟನೆಯ ಸಂಜೆ ಮೈದಾನದ ತುಂಬ ದೀಪ. ಬಣ್ಣಬಣ್ಣದ ಜರ್ಸಿಯ ತಂಡಗಳು ಪಥಸಂಚಲನ ಮುಗಿಸಿ ಸಾಲಾಗಿ ನಿಂತಿದ್ದವು. ವೇದಿಕೆಯ ಮೇಲಿನ ಗಣ್ಯರ ತಲೆಗೆ ಕೇಸರಿ ಫೇಟಾ. ನಡುವಿನ ಕುರ್ಚಿಯಲ್ಲಿ ಮೈಲಾರಲಿಂಗ. ಛಾಯಾ ಅಡುಗೆಯ ಡೇರೆಯಿಂದ ಅರ್ಧ ಕೆಲಸ ಬಿಟ್ಟು ಬಂದು ಹಿಂದಿನ ಸಾಲಿನಲ್ಲಿ ನಿಂತಿದ್ದಳು. ಕೈಯಲ್ಲಿ ಬಳ್ಳೊಳ್ಳಿಯ ವಾಸನೆ. ಪಕ್ಕದಲ್ಲಿ ಶುಭಾಂಗಿ ಮಂಡಳದ ಆನ್‌ಲೈನ್ ಪುಟಕ್ಕೆ ಹಾಕಲು ಎಲ್ಲವನ್ನೂ ಫೋನಿನಲ್ಲಿ ಚಿತ್ರೀಕರಿಸುತ್ತಿದ್ದಳು.

ನಿರೂಪಕ ಮರಾಠಿಯಲ್ಲಿ ಗಂಭೀರ ದನಿ ತೆಗೆದ. ಈ ಮಣ್ಣಿನಲ್ಲಿ ಆಡಿ ಹೆಸರು ತಂದು, ಇಂದು ನಮ್ಮ ನಡುವೆ ಇಲ್ಲದ ಹಳೆಯ ಆಟಗಾರರಿಗೆ ಶ್ರದ್ಧಾಂಜಲಿ ಸಲ್ಲಿಸೋಣ ಎಂದ. ಒಂದೊಂದೇ ಹೆಸರು ಓದಿದ. ಮೊದಲ ಮೂವರು ಗಂಡಸರು.

"ನಾಗಣಸೂರಿನ ಕೈಲಾಸವಾಸಿ ಬೀರವ್ವ. ಸುವರ್ಣಪದಕ ಪಡೆದ ತಂಡದ ಅಜೇಯ ಆಟಗಾರ್ತಿ."

ಆಮೇಲಿನ ಹೆಸರುಗಳು ಛಾಯಾಳ ಕಿವಿಗೆ ಬೀಳಲಿಲ್ಲ.

"ಎಲ್ಲರೂ ಎದ್ದು ನಿಂತು ಒಂದು ನಿಮಿಷ ಮೌನ ಆಚರಿಸಬೇಕು."

ಕುರ್ಚಿಗಳು ಹಿಂದೆ ಸರಿದ ಸಪ್ಪಳ. ಇಡೀ ಮೈದಾನ ತಲೆ ಬಗ್ಗಿಸಿತು. ನೂರಾರು ಹುಡುಗಿಯರು, ಪಂಚರು, ಶಾಸಕರು, ಚಹಾದವನು. ವೇದಿಕೆಯ ಮೇಲೆ ಮೈಲಾರಲಿಂಗ ಕೈಕಟ್ಟಿ, ಕಣ್ಣು ಮುಚ್ಚಿ, ಯಾವ ಸಭೆಯಲ್ಲಿ ಹೇಗೆ ನಿಲ್ಲಬೇಕೋ ಹಾಗೆ ನಿಂತಿದ್ದ. ಛಾಯಾ ಅವನನ್ನೇ ನೋಡಿದಳು. ಅವನ ಮುಖದಲ್ಲಿ ಏನೂ ಅಲುಗಲಿಲ್ಲ. ಅವಳೂ ಕೈ ಜೋಡಿಸಿದಳು. ಜೋಡಿಸದೆ ಇನ್ನೇನು ಮಾಡುವುದು? ಎಲ್ಲರೂ ಬಗ್ಗಿದಾಗ ಒಬ್ಬಳೇ ತಲೆ ಎತ್ತಿ ನಿಲ್ಲಲು ಬರುವುದಿಲ್ಲ. ಆ ಹುಡುಗಿ ನಿಜಕ್ಕೂ ಸತ್ತಿದ್ದಾಳೆ ಎನ್ನುವಂತೆ ಅವಳೂ ತಲೆ ಬಗ್ಗಿಸಿದಳು.

ಮೌನ ಮುಗಿಯುವುದೇ ತಡ, ಹಿಂದಿನಿಂದ ಯಾರೋ ಅವಳ ರಟ್ಟೆ ಹಿಡಿದು ತಿರುಗಿಸಿದರು. ದಪ್ಪ ಕನ್ನಡಕ, ಕೊರಳಲ್ಲಿ ಶಿಕ್ಷಕಿಯ ಗುರುತಿನ ಚೀಟಿ.

"ಬೀರೀ! ಬೀರಿ ಅಲ್ಲೇನ ನೀ?"

ಹನ್ನೂರಿನ ಕಲ್ಯಾಣಮ್ಮ. ಅದೇ ತಂಡದ ನಾಯಕಿ, ಈಗ ಶಾಲೆಯೊಂದರಲ್ಲಿ ಆಟದ ಟೀಚರು.

"ಏ ಸತ್ತಾಕಿ, ಇಲ್ಲೇನ ಮಾಡಾಕತ್ತಿ? ನಿನ್ನ ಸಲುವಾಗಿ ಅತ್ತೀನಲ್ಲೇ ನಾನು! ನನ್ನ ಕಣ್ಣೀರ ವಾಪಸ್ ಕೊಡು!" ಎಂದು ನಗುತ್ತ, ಅಳುತ್ತ ಅವಳ ಭುಜ ಅಲುಗಿಸಿದಳು.

ಶುಭಾಂಗಿ ಫೋನು ಕೆಳಗಿಳಿಸಿದಳು. "ಮಮ್ಮಿ, ಬೀರವ್ವ ಅಂದ್ರ ನೀನಾ?"

"ಹೌದವ್ವ. ನಡಿ, ಶಿರಾ ತಳ ಹತ್ತತದ," ಎಂದಳು ಛಾಯಾ.

ಆದದ್ದು ಇಷ್ಟೇ. ಮಂಡಳದವರು ಹಳೆಯ ಆಟಗಾರರನ್ನು ಹುಡುಕಲು ಹಳ್ಳಿಹಳ್ಳಿಗೆ ಫೋನು ಮಾಡಿದ್ದರು. ನಾಗಣಸೂರಿನಲ್ಲಿ ಬೀರವ್ವ ಎನ್ನುವವಳೊಬ್ಬಳು ಕೋವಿಡ್ಡಿನಲ್ಲಿ ತೀರಿಕೊಂಡಿದ್ದಳು. ಕುರುಬರ ದೇವರು ಬೀರೋಬನ ಭಕ್ತರ ಊರಿನಲ್ಲಿ ಆ ಹೆಸರಿಗೇನು ಬರ? ಲಗ್ನವಾಗಿ ಹೋದವಳು ಬೇರೆ ಹೆಸರಿನಲ್ಲಿ ಸೋಲಾಪುರದಲ್ಲಿದ್ದಾಳೆಂದು ಫೋನು ಎತ್ತಿದ ಹುಡುಗನಿಗೆ ಗೊತ್ತಿರಲಿಲ್ಲ. ಗೊತ್ತಿರಬೇಕಾದವನೊಬ್ಬನೇ ಇದ್ದ. ಹೆಸರುಗಳನ್ನೆಲ್ಲ ಓದಿ ಸರಿ ಎಂದವನೂ ಅವನೇ.

*

ಮರುದಿನ ಬೆಳಿಗ್ಗೆ ಆರು ಕಪ್ ಚಹಾ ಇಟ್ಟು ಛಾಯಾ ಎಲ್ಲರ ಮುಂದೆಯೇ ಕೇಳಿದಳು.

"ನಾಕನೇ ಹೆಸರ್ರಿ. ಓದಿದ್ರಿಲ್ಲ?"

"ಓದೀನಿ," ಎಂದ ಮೈಲಾರಲಿಂಗ. ಸುದ್ದಿ ಅವನಿಗೆ ರಾತ್ರಿಯೇ ಶುಭಾಂಗಿಯಿಂದ ಮುಟ್ಟಿತ್ತು.

"ಎಲ್ಲೂ ಒಂದೀಟ ಕಣ್ಣ ನಿಲ್ಲಲಿಲ್ಲೇನು?"

ಅವನು ಬಶಿಯಲ್ಲಿ ಚಹಾ ಸುರುವಿಕೊಂಡ. "ಖರೇ ಹೇಳಲಿ? ನಿಲ್ಲಲಿಲ್ಲ. ನೀ ಛಾಯಾ ಅಂತನ ಗೊತ್ತು ನನಗ."

"ನಮ್ಮವ್ವನ ಹೆಸರೋ ಭಾಡ್ಯಾ ಅದು!" ಎಂದು ಧರೆಪ್ಪ ಸಿಡಿದ. "ಹೆಂಡ್ತೀದು ಹೋಗ್ಲಿ, ಅಜ್ಜೀದೂ ನೆನಪಾಗಲಿಲ್ಲೇನು?"

"ನೀವ ತಗಸಿದ್ರಿ ಅಲ್ಲ ಆ ಹೆಸರ!"

"ತಗಸಿದಾಕಿ ನಾನು," ಎಂದಳು ತುಳಜಾಬಾಯಿ. "ಹೆಸರ ತಗಸೀನಿ. ಆಕೀನ ಸಾಯಸು ಅಂದಿಲ್ಲ."

ಅಮೋಲ್ ಬಿಸ್ಕೀಟು ಅದ್ದುತ್ತ ಕೂತ, ಅದು ಮುರಿದು ಚಹಾದಲ್ಲಿ ಬಿತ್ತು.

ಮೈಲಾರಲಿಂಗ ಹೆಂಡತಿಯ ಕಡೆ ನೋಡದೆ ಹೇಳಿದ: "ನನಗ ಆಡಾಕ ಎಂದೂ ಸಿಗಲಿಲ್ಲ ಛಾಯಾ. ಸಾಲಿ ಬಿಟ್ಟ ಕೂಡ್ಲೇ ಹುಡುಗೂರ ಮೈದಾನಕ್ಕ, ನಾ ಕುರಿ ಹಿಂದ. ದೂರ ನಿಂತು ನೋಡಾಂವ. ನಿನ್ನೂ ಹಂಗ ನೋಡ್ದಾಂವ. ಆ ಕುರ್ಚಿ ಕೊಟ್ರು, ಕೂತೆ. ಅಲ್ಲಿಂದ ಆಟ ಹತ್ರ ಕಾಣತದ."

ಛಾಯಾಳ ಸಿಟ್ಟು ಅರ್ಧ ಇಳಿಯಿತು. ಅದೇ ಅವಳಿಗೆ ಬೇಡವಾಗಿತ್ತು. "ಹತ್ರ ಕಾಣತದಲ್ರಿ. ಹಂಗಾರ ಇವತ್ತಿನ ಮ್ಯಾಚಿಗೆ ನಾ ಬೆಂಚಿನ ಮ್ಯಾಲ ಕೂಡ್ತೀನಿ. ಹುಡಿಗ್ಯಾರಿಗೆ ಹೇಳಾವ್ರು ಯಾರೂ ಇಲ್ಲ."

"ನೋಡೂಣು," ಎಂದ ಅವನು.

ಅವನು ನೋಡಲಿಲ್ಲ ಎನ್ನುವಂತಿಲ್ಲ. ಸಾತಲಿಂಗಪ್ಪನ ಕಿವಿಗೆ ಹಾಕಿದ. ಬೆಂಚಿನ ಮೇಲೆ ಕೂಡುವವರ ಹೆಸರು ಮೊದಲೇ ಕೊಟ್ಟಾಗಿದೆ, ನಿಯಮ ನಿಯಮವೇ ಎಂದು ಸಾತಲಿಂಗಪ್ಪ ಹೇಳಿದ. ಅದು ಸುಳ್ಳೂ ಆಗಿರಲಿಲ್ಲ. ಛಾಯಾ ಮಟಕಿ ಕಾಳಿನ ಉಸಳಿ ಬಡಿಸುತ್ತಿದ್ದಾಗ ಮಂಡಳದ ಹುಡುಗಿಯರು ಸೆಮಿಫೈನಲ್ಲಿಗೂ ಹೋಗದೆ ಸೋತು ಊಟಕ್ಕೆ ಬಂದರು. ಸ್ನೇಹಲಳ ಕಣ್ಣು ಕೆಂಪಾಗಿತ್ತು.

"ಟೊಂಕ ನೋಡ್ದಿಯೇನು?" ಎಂದು ಕೇಳಿದಳು ಛಾಯಾ, ತಾಟಿಗೆ ಇನ್ನೊಂದು ಸೌಟು ಹಾಕುತ್ತ.

"ನೋಡ್ದೆ ಕಾಕೂ. ನಾ ಔಟ್ ಆಗಲಿಲ್ಲ. ಬಾಕಿ ಎಲ್ಲಾರೂ ಆದ್ರು."

ಕಡೆಯ ದಿನ ಬಹುಮಾನ ಕೊಟ್ಟಾದ ಮೇಲೆ ಮೈಲಾರಲಿಂಗ ಮೈಕು ಹಿಡಿದ. ಉದ್ಘಾಟನೆಯ ದಿನ ನಮ್ಮಿಂದ ಒಂದು ತಪ್ಪಾಗಿದೆ ಎಂದ. ನಾಗಣಸೂರಿನ ಬೀರವ್ವ ಬದುಕಿದ್ದಾಳೆ, ಆ ಆಟಗಾರ್ತಿಯನ್ನು ನೋಡಲು ನಾನು ಸೈಕಲ್ಲು ತುಳಿದು ಇದೇ ಮೈದಾನಕ್ಕೆ ಬರುತ್ತಿದ್ದೆ, ಆಕೆ ನನ್ನ ಮನೆಯಲ್ಲೇ ಇದ್ದಾಳೆ, ನಾಲ್ಕು ದಿನ ನಿಮಗೆಲ್ಲ ಉಣಬಡಿಸಿದವಳೂ ಆಕೆಯೇ ಎಂದ. ಅವನಿಗೆ ಮಾತು ಚೆನ್ನಾಗಿ ಬರುತ್ತಿತ್ತು. ಒಂದೆರಡು ಕಡೆ ನಿಜವಾಗಿಯೇ ತಡವರಿಸಿದ. ಮೈದಾನವೆಲ್ಲ ಚಪ್ಪಾಳೆ. ಪುಣೆಯ ಹಿರಿಯರು ಎದ್ದು ನಿಂತರು. ಹುಡುಗಿಯರು ಸೀಟಿ ಹೊಡೆದರು.

ಛಾಯಾಳನ್ನು ಡೇರೆಯಿಂದ ಕರೆತಂದರು. ಶಾಲು ಹೊದಿಸಿದರು, ತೆಂಗಿನಕಾಯಿ ಕೊಟ್ಟರು. ಶಾಲಿನ ಒಂದು ತುದಿ ಗಂಡನ ಕೈಯಲ್ಲಿತ್ತು. ಅವಳು ತುಟಿ ಹೆಚ್ಚು ಅಲುಗಿಸದೆ ಕೇಳಿದಳು: "ಮತ್ತ ಕೋಚಿಂದು?"

"ಈಗಲ್ಲ," ಎಂದ ಅವನು ನಗುಮುಖದಲ್ಲೇ. "ಫೋಟೋ ತಗ್ಯಾಕತ್ತಾರ, ಆ ಕಡೆ ನೋಡು."

ಆ ಕಡೆ, ಫೋಟೋದವರ ಬೆನ್ನ ಹಿಂದೆ, ಮ್ಯಾಟು ಸುತ್ತಿ ತೆಗೆಯುತ್ತಿದ್ದರು. ಇಷ್ಟು ಎತ್ತರದಿಂದ ಅವಳು ಮೈದಾನವನ್ನು ಹಿಂದೆಂದೂ ನೋಡಿರಲಿಲ್ಲ. ಅವನು ಅಂದದ್ದು ನಿಜ, ಎಲ್ಲ ಚೆನ್ನಾಗಿ ಕಾಣುತ್ತಿತ್ತು.

*

ಶುಭಾಂಗಿ ಹಾಕಿದ ಆ ಸತ್ಕಾರದ ವಿಡಿಯೋವನ್ನು ಲಕ್ಷಗಟ್ಟಲೆ ಜನ ನೋಡಿದರು. ಲಿಫ್ಟಿನಲ್ಲಿ ಸಿಕ್ಕವರು, ಕಾಯಿಪಲ್ಲೆ ಮಾರುವವಳು, ಎಲ್ಲರೂ "ನೀವ ಅಲ್ರಿ ಆ ಖೋ-ಖೋದವ್ರು?" ಎಂದು ಕೇಳುವವರೇ. ಕಾರ್ಖಾನೆಯ ಮಾಲಕರು ಹೂಗುಚ್ಛ ಕಳಿಸಿದರು. ಮೂರು ವಾರದಲ್ಲಿ ಪುಣೆಯಲ್ಲಿ ಚುನಾವಣೆಯಾಗಿ ಮೈಲಾರಲಿಂಗ ಮಹಾಮಂಡಳದ ಉಪಾಧ್ಯಕ್ಷನಾದ. ಎರಡು ಕಡೆ ಪದವಿ ಇಟ್ಟುಕೊಳ್ಳುವಂತಿರಲಿಲ್ಲ. ಇಲ್ಲಿಯ ಅಧ್ಯಕ್ಷಗಿರಿ ಸಾತಲಿಂಗಪ್ಪನಿಗೆ ಹೋಯಿತು.

ಮೈಲಾರಲಿಂಗ ಪುಣೆಯ ಮೊದಲ ಸಭೆಗೆ ಹೊರಟ ದಿನ ಬೆಳಗಿನ ಹುತಾತ್ಮಾ ಎಕ್ಸ್‌ಪ್ರೆಸ್ ರೈಲಿಗೆ ಅಮೋಲ್ ಬಿಡುವವನಿದ್ದ. ಛಾಯಾ ಎರಡು ಡಬ್ಬಿ ಕಟ್ಟಿದಳು. ಒಂದನ್ನು ಗಂಡನ ಚೀಲಕ್ಕೆ ಇಟ್ಟಳು.

"ಇನ್ನೊಂದು ಯಾರಿಗೆ?"

"ನನಗ. ಅಕ್ಕಲಕೋಟಿಗೆ ಹೋಗ್ತೀನಿ. ಇವತ್ತಿಂದ."

"ಏನಂತ?"

"ಏನಂತನೂ ಇಲ್ರಿ. ಸಾತಲಿಂಗಪ್ಪ ಅವರನ್ನ ಕೇಳೀನಿ. ಹೆಸರ ಹಾಕಾಕ ಬರೂದಿಲ್ಲ, ಕೈಲಾಸ ಸರ್ ಏಳೂತನಕ ಬೇಕಂದ್ರ ಬಂದು ನಿಲ್ರಿ ಅಂದ್ರು."

"ನನ್ನ ಮೊದಲ ಕೇಳಬೇಕಿತ್ತಲ್ಲ?"

"ನಿಮ್ಮನ್ನ ಲಗ್ನಕ್ಕ ಮೊದಲ ಕೇಳಿ ಆಗೇದ್ರಿ. ನಮ್ಮಪ್ಪ ಕೇಳಿದ್ದ."

ಮೈಲಾರಲಿಂಗ ಚೀಲದ ಜಿಪ್ಪು ಎಳೆದ. ಅದು ಅರ್ಧಕ್ಕೆ ಸಿಕ್ಕಿಕೊಂಡಿತು. "ಉಪಾಧ್ಯಕ್ಷನ ಹೆಂಡ್ತಿ ಪುಗಸಟ್ಟೆ ಮಣ್ಣಾಗ ನಿಲ್ಲತಾಳ ಅಂತ ಲೋಕ ಏನ ಅಂದೀತು?"

"ಸತ್ತಾಕಿಗೆ ಲೋಕ ಏನ ಅಂತದ್ರಿ?"

ಅವನು ನಗಬಾರದೆಂದುಕೊಂಡೂ ನಕ್ಕ. ಆಮೇಲೆ ನಗು ಹೋಯಿತು. ಬಾಗಿಲಲ್ಲಿ ನಿಂತು ಏನೋ ಹೇಳಬೇಕೆಂದು ಬಾಯಿ ತೆರೆದ. ಬೀರವ್ವ ಎಂದು ಕರೆಯುತ್ತಾನೇನೋ ಎಂದು ಅವಳು ಒಂದು ಕ್ಷಣ ಕಾದಳು.

"ಗಾಡಿ ಕಳಸಲೇನು?" ಎಂದ.

"ಬ್ಯಾಡ್ರಿ. ಎಸ್‌ಟಿ ಅವ."

"ಮಧ್ಯಾಹ್ನಕ್ಕ ನಮ್ಮ ಊಟ?" ಎಂದು ಒಳಗಿನಿಂದ ಧರೆಪ್ಪ ಕೂಗಿದ.

"ನಾ ಇದ್ದೀನಿ ಅಲ್ಲ, ಇನ್ನ ಸತ್ತಿಲ್ಲ," ಎಂದಳು ತುಳಜಾಬಾಯಿ. "ಹೋಗು ನೀ. ಬಸ್ ತಪ್ಪತದ."

ಮೈದಾನದಲ್ಲಿ ಮಂಟಪವಿರಲಿಲ್ಲ, ದೀಪಗಳಿರಲಿಲ್ಲ. ಬಿಸಿಲು ಏರುವ ಮೊದಲಿನ ತಂಪು ಮಣ್ಣು. ಸ್ನೇಹಲ ನೀರು ಚಿಮುಕಿಸುತ್ತಿದ್ದಳು. ಹುಡುಗಿಯರನ್ನು ಎಣಿಸಿದರೆ ಸಾಲಿಗೆ ಒಬ್ಬಳು ಕಡಿಮೆ.

"ಒಬ್ಬಾಕಿ ಜೋಳ ಕೊಯ್ಲಿಕ್ಕೆ ಹೋಗ್ಯಾಳ, ಕಾಕೂ. ಇವತ್ತ ಚೇಸಿಂಗ್ ಆಗೂದಿಲ್ಲ."

ಛಾಯಾ ಚಪ್ಪಲಿ ಗೆರೆಯ ಹೊರಗೆ ಬಿಟ್ಟಳು. ಸೀರೆಯ ನಿರಿಗೆ ಎತ್ತಿ ಹಿಂದಕ್ಕೆ ಕಚ್ಚೆ ಸಿಗಿಸಿದಳು. ಖಾಲಿ ಚೌಕದಲ್ಲಿ, ಕಂಪೌಂಡಿನ ಕಡೆ ಮುಖ ಮಾಡಿ, ಕುಕ್ಕರುಗಾಲಲ್ಲಿ ಕೂತಳು. ಮೊಣಕಾಲು ಲಟಕ್ಕೆಂದಿತು. ಅಕ್ಕಪಕ್ಕದ ಹುಡುಗಿಯರು ಬಾಯಿ ಮುಚ್ಚಿಕೊಂಡು ನಕ್ಕರು. ಬೆರಳತುದಿ ಮಣ್ಣಿಗೆ ತಾಗಿತು.

ಹುಡುಗಿಯೊಬ್ಬಳು ಸೀಟಿ ಊದಿದಳು. ಕೂತವಳು ತಾನಾಗಿ ಏಳುವಂತಿಲ್ಲ. ಹಿಂದೆ ಬಂದವಳು ಬೆನ್ನಿಗೆ ಬಡಿದು ಖೋ ಎನ್ನಬೇಕು, ಆಗಲೇ ಏಳಬೇಕು. ಹಿಂದೆ ಏನಾಗುತ್ತಿದೆ ಎನ್ನುವುದನ್ನು ಕಿವಿಯಿಂದಲೇ ತಿಳಿಯಬೇಕು. ಹೆಜ್ಜೆಗಳು ಬಂದವು, ಅವಳ ಹತ್ತಿರ ನಿಧಾನವಾದವು, ಮುಂದೆ ಹೋಗಿ ಪಕ್ಕದವಳಿಗೆ ಖೋ ಕೊಟ್ಟವು. ಮತ್ತೆ ಬಂದವು. ಮತ್ತೆ ನಿಧಾನವಾಗಿ ದಾಟಿ ಹೋದವು. ಮೂರನೆಯ ಸಲ ಹೆಜ್ಜೆಗಳು ಅವಳ ಹಿಂದೆಯೇ ನಿಂತುಬಿಟ್ಟವು.

"ಯಾಕ ನಿಂತಿ?" ಎಂದಳು ಛಾಯಾ, ತಿರುಗದೆ.

ಸ್ನೇಹಲಳ ದನಿ ಕುಗ್ಗಿತ್ತು. "ಕಾಕೂ, ನೀವು ದೊಡ್ಡವ್ರು. ಸಾಹೇಬ್ರ ಮನಿಯವ್ರು. ನಿಮ್ಮ ಬೆನ್ನಿಗೆ ಹೆಂಗ ಬಡೀಲ್ರಿ?"

"ಏ ಹುಡುಗಿ, ಇಲ್ಲಿ ಯಾರ ಮನಿಯವ್ರೂ ಕೂತಿಲ್ಲ. ಬೆನ್ನ ಅದ. ಬಡಿ. ಮೊದಲಿಂದ ಶುರು ಮಾಡ್ರಿ."

ಹುಡುಗಿಯರು ಗೊಳ್ಳೆಂದು ನಕ್ಕು ತಮ್ಮ ತಮ್ಮ ಜಾಗಕ್ಕೆ ಕೂತರು. ಸೀಟಿ ಮತ್ತೆ ಕೇಳಿಸಿತು. ಛಾಯಾ ಹಿಮ್ಮಡಿ ಎತ್ತಿ, ಭಾರ ಮುಂದಕ್ಕೆ ತಂದು, ಉಸಿರು ಹಿಡಿದು ಕೂತಳು. ದೂರದ ಕಂಬದ ಹತ್ತಿರ ತಿರುಗಿದ ಹೆಜ್ಜೆಗಳು ಸಾಲಿನಗುಂಟ ಅವಳ ಬೆನ್ನ ಕಡೆ ಬರತೊಡಗಿದವು. ಈ ಸಲ ಅವು ನಿಧಾನವಾಗಲಿಲ್ಲ.